ತೊಂಬತ್ತೇಳು ಪರ್ಸೆಂಟಿನ ಕಳ್ಳ

ಮನುಷ್ಯರನ್ನು ಅನುಮಾನಿಸುವುದಕ್ಕೆಂದೇ ಸಂಬಳ ಕೊಡುವ ಕೆಲವು ಉದ್ಯೋಗಗಳು ಲೋಕದಲ್ಲಿವೆ. ಪೊಲೀಸರದ್ದು ಇದೆ. ನಡುದಾರಿಯಲ್ಲಿ ಬಸ್ಸು ಹತ್ತಿ ಟಿಕೆಟ್ ಕೇಳುವ ಚೆಕಿಂಗ್‌ನವರದ್ದು ಇದೆ. ಪರೀಕ್ಷೆ ನಡೆಯುವಾಗ ಇದ್ದಕ್ಕಿದ್ದಂತೆ ಒಳನುಗ್ಗಿ ಹುಡುಗರ ಸಾಕ್ಸ್ ಬಿಚ್ಚಿಸುವ ಸ್ಕ್ವಾಡಿನವರದ್ದು ಇದೆ. ಲೈಬ್ರರಿಯವನ ಕೆಲಸ ಈ ಪಂಗಡಕ್ಕೆ ಸೇರಿದ್ದಲ್ಲ ಎಂದೇ ನಾನು ನಂಬಿಕೊಂಡು ಬಂದವನು. ನಮ್ಮದೇನಿದ್ದರೂ ಪುಸ್ತಕ ಕೊಡುವುದು, ವಾಪಸು ಕೇಳುವುದು, ತಂದುಕೊಡದಿದ್ದರೆ ಮತ್ತೆ ಕೇಳುವುದು, ಆಮೇಲೆ ಮರೆತುಬಿಡುವುದು. ಯಾರ ಮೇಲೂ ಅನುಮಾನ ಪಡದೆ ನೆಮ್ಮದಿಯಾಗಿ ನಿವೃತ್ತನಾಗುವ ಆಸೆ ಇತ್ತು. ಆ ಆಸೆಗೆ ಕಲ್ಲು ಬಿದ್ದದ್ದು ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು, "ಕೃತಿಚೌರ್ಯ ಪತ್ತೆ ಮಾಡೋ ಸಾಫ್ಟ್‌ವೇರ್ ಬಂದಿದೆ ಕಣ್ರೀ. ಯೂನಿವರ್ಸಿಟಿಯವರು ಪ್ರತಿ ಕಾಲೇಜಿನಿಂದ ಒಬ್ಬ ಸಂಯೋಜಕರ ಹೆಸರು ಕೇಳಿದ್ದಾರೆ. ನೀವು ಹೇಗೂ ಕೂತೇ ಇರ್ತೀರಲ್ಲ" ಎಂದ ದಿನ. ನಾನು ಕೂತೇ ಇರುತ್ತೇನೆ ಎಂಬುದು ಪೂರ್ತಿ ಸುಳ್ಳಲ್ಲವಾದ್ದರಿಂದ ಒಪ್ಪಿಕೊಳ್ಳಬೇಕಾಯಿತು.

ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ತಿ. ನರಸೀಪುರದ ಕಾಲೇಜಿನಲ್ಲಿ. ನಾನು ಹೋಗುವ ಬಸ್ಸಿನಲ್ಲೇ ನಮ್ಮ ಕಾಲೇಜಿನ ಮಕ್ಕಳೂ ಬರುತ್ತಾರೆ. ಮೊದಲೆಲ್ಲ ಅವರು ನನ್ನನ್ನು ಕಂಡರೆ ಕಿಟಕಿಯ ಕಡೆಗೆ ತಿರುಗಿಕೊಳ್ಳುತ್ತಿದ್ದರು. ಒಬ್ಬೊಬ್ಬರ ಮನೆಯಲ್ಲೂ ನಮ್ಮ ಲೈಬ್ರರಿಯ ಪುಸ್ತಕ ಇರುತ್ತಿತ್ತು. ಸಂಯೋಜಕನಾದ ಮೇಲೆ ನೋಡಿ, ನಾನು ಮೆಟ್ಟಿಲು ಹತ್ತುವುದೇ ತಡ, ಎದ್ದು ನಿಂತು ಜಾಗ ಕೊಡುವವರೇ ಎಲ್ಲ. "ಕೂತ್ಕಳಿ ಸಾ. ನನ್ದು ಸ್ಕ್ಯಾನಿಂಗ್ ಆಯ್ತಾ ಸಾ? ಎಷ್ಟ್ ಬಂದದೆ?" ಎಂದು ಕಿವಿಯ ಹತ್ತಿರ ಬಗ್ಗಿ ಕೇಳುತ್ತಾರೆ. ಸಕ್ಕರೆ ಕಾಯಿಲೆಯವರು ರಕ್ತ ಕೊಟ್ಟು ಬಂದು ಕೇಳುತ್ತಾರಲ್ಲ, ಅದೇ ಭಯ, ಅದೇ ಆಸೆ. ಒಂದು ದಿನ ಕಂಡಕ್ಟರು, "ಏನ್ ಸಾ, ಆಸ್ಪತ್ರೆ ಕೆಲ್ಸಾನೂ ಇಟ್ಕೊಂಡಿದ್ದೀರಾ?" ಎಂದು ಕೇಳಿ, ತನ್ನ ಮಂಡಿನೋವಿನ ವಿಚಾರ ಶುರುಮಾಡಿದ. ಅವನಿಗೆ ನಿಜ ಸಂಗತಿ ಹೇಳುವಷ್ಟರಲ್ಲಿ ನರಸೀಪುರ ಬಂದಿತ್ತು.

ನಿಜ ಸಂಗತಿ ಇಷ್ಟೆ. ವಿದ್ಯಾರ್ಥಿ ಬರೆದದ್ದನ್ನು ಈ ಸಾಫ್ಟ್‌ವೇರಿನ ಬಾಯಿಗೆ ಹಾಕಿದರೆ, ಅದು ಇಂಟರ್ನೆಟ್ಟಿನಲ್ಲಿರುವುದು, ಹಿಂದೆ ಬೇರೆಯವರು ಸಲ್ಲಿಸಿರುವುದು, ಎಲ್ಲದರ ಜೊತೆ ಹೋಲಿಸಿ ನೋಡುತ್ತದೆ. ಎಲ್ಲೆಲ್ಲಿ ಒಂದೇ ಥರ ಇದೆಯೋ ಅಲ್ಲೆಲ್ಲ ಕೆಂಪು ಬಳಿದು, ಒಟ್ಟು ಹೋಲಿಕೆ ಇಷ್ಟು ಪರ್ಸೆಂಟು ಎಂದು ನೆತ್ತಿಯ ಮೇಲೆ ಬರೆಯುತ್ತದೆ. ಹತ್ತರೊಳಗಿದ್ದರೆ ಪಾರು. ಸ್ವಲ್ಪ ದಾಟಿದರೆ ತಿದ್ದಿ ತರಬೇಕು. ತೀರಾ ಮೇಲೆ ಹೋದರೆ ಸಮಿತಿಯ ಮುಂದೆ ನಿಲ್ಲಬೇಕು, ಆ ವರ್ಷ ಹೋದಂತೆಯೇ ಲೆಕ್ಕ. ಇದು ಗೊತ್ತಾದ ಮೇಲೆ ನಮ್ಮ ಎಂ.ಎ. ಮಕ್ಕಳು ತೋರಿಸಿದ ಬುದ್ಧಿವಂತಿಕೆಯನ್ನು ಪ್ರಬಂಧ ಬರೆಯುವುದರಲ್ಲೇ ತೋರಿಸಿದ್ದರೆ ನನ್ನ ಕೆಲಸವೇ ಇರುತ್ತಿರಲಿಲ್ಲ. ಒಬ್ಬ ಎಲ್ಲಿಂದಲೋ ಎತ್ತಿದ ಅಧ್ಯಾಯದಲ್ಲಿ ಪದಗಳನ್ನು ಮಾತ್ರ ಬದಲಾಯಿಸಿ 'ಭತ್ತದ ಬೆಲೆ ಕುಸಿತ' ಎಂಬುದನ್ನು 'ಶಾಲಿಧಾನ್ಯದ ಮೌಲ್ಯ ಪತನ' ಮಾಡಿಕೊಂಡು ಬಂದ. ಅದನ್ನು ಓದಿದ ಅವನ ಅಪ್ಪ, ಇದು ಯಾವುದೋ ಯಜ್ಞದ ವಿಚಾರ ಎಂದುಕೊಂಡರಂತೆ. ಇನ್ನೊಬ್ಬ ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿಸಿ ತಂದ. ಸಾಫ್ಟ್‌ವೇರಿಗೆ ಅದು ಯಾವ ಭಾಷೆಯೆಂದೇ ತಿಳಿಯದೆ ಸೊನ್ನೆ ಪರ್ಸೆಂಟ್ ಎಂದಿತು. ಲೋಕದಲ್ಲಿ ಯಾರೂ ಬರೆಯದ್ದನ್ನು ತಾನು ಬರೆದಿದ್ದೇನೆ ಎಂದು ಅವನು ಸ್ಟಾಫ್ ರೂಮಿಗೆಲ್ಲ ಮೈಸೂರು ಪಾಕ್ ಹಂಚಿದ. ಅದನ್ನು ಯೂನಿಕೋಡಿಗೆ ಬದಲಾಯಿಸಿ ಮತ್ತೆ ಹಾಕಿದಾಗ ಬಂದ ಅಂಕಿಯನ್ನು ಅವನ ಮರ್ಯಾದೆಯ ದೃಷ್ಟಿಯಿಂದ ಇಲ್ಲಿ ಹೇಳುವುದಿಲ್ಲ; ಮೈಸೂರು ಪಾಕ್ ನಾನೂ ತಿಂದಿದ್ದೇನೆ. ಇನ್ನು ಕೃತಜ್ಞತೆಯ ಪುಟವಂತೂ ಎಲ್ಲರದ್ದೂ ಒಂದೇ. ಮದುವೆಯೇ ಆಗದ ಹುಡುಗನೊಬ್ಬ 'ಹಗಲಿರುಳು ಸಹಕರಿಸಿದ ನನ್ನ ಧರ್ಮಪತ್ನಿಗೆ' ವಂದನೆ ಹೇಳಿದ್ದ. ಕೇಳಿದರೆ, "ಮುಂದಕ್ಕೆ ಆಯ್ತದೆ ಬುಡಿ ಸಾ" ಎಂದ.

ಇಂಥವರ ನಡುವೆ ಭಾಗ್ಯ ಬೇರೆ ಥರದವಳು. ದೇವನೂರಿಗೆ ಸೊಸೆಯಾಗಿ ಬಂದು, ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಎಂ.ಎ.ಗೆ ಸೇರಿದವಳು. ಅರ್ಥಶಾಸ್ತ್ರ. ಅವಳು ಆರಿಸಿಕೊಂಡ ವಿಷಯ ರಸಬಾಳೆ. ದೇವನೂರಿನ ಮನೆಗಳವರು ಸೊರಗು ರೋಗಕ್ಕೆ ಹೆದರಿ ರಸಬಾಳೆ ಬಿಟ್ಟದ್ದು ಹೇಗೆ, ಈಗ ಒಬ್ಬಿಬ್ಬರು ಮತ್ತೆ ನೆಡಲು ಹೊರಟಿರುವುದು ಯಾವ ಧೈರ್ಯದ ಮೇಲೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದಿದ್ದಳು. ಹೊರಗಿಂದ ಬಂದ ಸೊಸೆ ಲೆಕ್ಕ ಕೇಳಿದರೆ ಯಾರು ಹೇಳುತ್ತಾರೆ? ಅದಕ್ಕೆ ಅವಳ ಅತ್ತೆ ರತ್ನಮ್ಮಣ್ಣಿಯವರೇ ಜೊತೆಗೆ ನಡೆದು, ಪ್ರತಿ ಜಗಲಿಯ ಮೇಲೂ ಕುಳಿತು ಬಾಯಿ ಬಿಡಿಸಿದ್ದರಂತೆ. ಹಾಗೆ ನಡೆದದ್ದಕ್ಕೆ ಫಲ, ಅವರ ಮಾತೂ ಪ್ರಬಂಧದಲ್ಲಿ ಸೇರಿಕೊಂಡಿತ್ತು. ನಂಜನಗೂಡಿನ ಒಂದು ಪಿಯು ಕಾಲೇಜಿನವರು, ಅಂಕಪಟ್ಟಿ ಕೈಗೆ ಬಂದ ತಕ್ಷಣ ಬಂದು ಪಾಠಕ್ಕೆ ನಿಲ್ಲು ಎಂದು ಅವಳಿಗೆ ಹೇಳಿದ್ದರು. ಪರೀಕ್ಷೆಯೆಲ್ಲ ಮುಗಿದಿತ್ತು. ಈ ಪ್ರಬಂಧವೊಂದು ಸೋಮವಾರ ಸಂಜೆ ಐದರೊಳಗೆ ಯೂನಿವರ್ಸಿಟಿಗೆ ಹೋಗಿಬಿಟ್ಟರೆ ಆಯಿತು.

ನಾನು ಮೊದಲೇ ಒಂದು ಪರೋಪಕಾರ ಮಾಡಿದ್ದೆ. ಮಕ್ಕಳು ಕೊನೆಯ ಗಳಿಗೆಯಲ್ಲಿ ಗಾಬರಿಯಾಗಬಾರದೆಂದು, ಎಲ್ಲರ ಪ್ರಬಂಧವನ್ನೂ ತಿಂಗಳಿಗೆ ಮುಂಚೆಯೇ ಪರೀಕ್ಷಾರ್ಥವಾಗಿ ಹಾಕಿ ನೋಡಿದ್ದೆ. ಅಧಿಕೃತ ಖಾತೆ ಆಗ ಇನ್ನೂ ಬಂದಿರಲಿಲ್ಲ, ಮೈಸೂರಿನಲ್ಲಿ ತರಬೇತಿಯ ದಿನ ಕೊಟ್ಟಿದ್ದ ಖಾತೆಯಲ್ಲೇ ಕೆಲಸ ಸಾಗಿಸಿದೆ. ಆಗ ಭಾಗ್ಯಳದ್ದು ಆರು ಪರ್ಸೆಂಟ್ ಬಂದಿತ್ತು. ಇಡೀ ತರಗತಿಗೆ ಕಡಿಮೆ. ಅವಳ ಗೈಡು ಅನಸೂಯಾ ಮೇಡಂ ಅವರ ಬಾಯಿಂದ ಹೊಗಳಿಕೆ ಬರುವುದು ನಮ್ಮ ಕಾಲೇಜಿನಲ್ಲಿ ಯಾರೂ ಕಂಡ ಸಂಗತಿಯಲ್ಲ. ಅವರು ಕೂಡ "ಪರವಾಗಿಲ್ಲ" ಎಂದಿದ್ದರು.

ಶುಕ್ರವಾರ ಅಧಿಕೃತ ಖಾತೆಯಲ್ಲಿ ಅಂತಿಮ ತಪಾಸಣೆ ಶುರುವಾಯಿತು. ಎಲ್ಲರಿಗಿಂತ ಮೊದಲು ತಂದುಕೊಟ್ಟವಳು ಭಾಗ್ಯಳೇ ಆದ್ದರಿಂದ ಅವಳದ್ದೇ ಮೊದಲು ಹಾಕಿದೆ. ಹಾಕಿ, ಟೀ ಕುಡಿದು ಬಂದು ನೋಡುತ್ತೇನೆ, ನೆತ್ತಿಯ ಮೇಲೆ ತೊಂಬತ್ತೇಳು. ಕನ್ನಡಕ ತೆಗೆದು ಒರೆಸಿ ನೋಡಿದೆ. ತೊಂಬತ್ತೇಳೇ. ಒಳಗೆ ತೆರೆದರೆ ಪುಟಕ್ಕೆ ಪುಟ ಕೆಂಪು. ಪೀಠಿಕೆ ಕೆಂಪು, ಕೋಷ್ಟಕ ಕೆಂಪು, 'ಒಂದು ಗೊನೆ ಹಣ್ಣಾದ್ರೆ ಬೀದಿಗೆಲ್ಲ ಗೊತ್ತಾಗೋದು' ಎಂದು ಅವಳ ಅತ್ತೆ ಹೇಳಿದ್ದ ಮಾತು ಕೂಡ ಕೆಂಪು. ಎಲ್ಲಿಂದ ನಕಲಾಗಿದೆ ಎಂದು ಹೇಳುವ ಜಾಗದಲ್ಲಿ ಒಂದೇ ಸಾಲು: ವಿದ್ಯಾರ್ಥಿ ಪ್ರಬಂಧ, ಇದೇ ವಿಶ್ವವಿದ್ಯಾಲಯಕ್ಕೆ ಈ ಹಿಂದೆ ಸಲ್ಲಿಸಿದ್ದು. ಹೆಸರಿಲ್ಲ, ಊರಿಲ್ಲ. ಎದುರಿಗೆ ಭಾಗ್ಯ ಕೈಯಲ್ಲಿ ಛತ್ರಿ ಹಿಡಿದು ನಿಂತಿದ್ದಳು. "ಎಷ್ಟು ಬಂತು ಸರ್?" ಎಂದಳು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ನೋಡಿದಳು, ನಗಲು ಹೋದಳು, ನಾನು ನಗದಿರುವುದನ್ನು ಕಂಡು ಹಾಗೇ ಕುರ್ಚಿಯ ಮೇಲೆ ಕುಳಿತುಬಿಟ್ಟಳು.

ಅನಸೂಯಾ ಮೇಡಂ ಬಂದರು. ಅವರು ನಡೆದು ಬರುವ ಸದ್ದಿಗೇ ನಮ್ಮ ಓದುಗರ ಕೋಣೆ ನಿಶ್ಶಬ್ದವಾಗುತ್ತದೆ. ಆ ವಿಚಾರದಲ್ಲಿ ನನ್ನ ಕೆಲಸವನ್ನು ಅವರೇ ಹೆಚ್ಚು ಚೆನ್ನಾಗಿ ಮಾಡುತ್ತಾರೆ. ವರದಿಯನ್ನು ಕೊನೆಯವರೆಗೂ ಸರಿಸಿ ಸರಿಸಿ ನೋಡಿ, "ಭಾಗ್ಯ, ನಿಜ ಹೇಳಿಬಿಡು" ಎಂದರು. "ನಾನೇ ಬರೆದದ್ದು ಮೇಡಂ" ಎಂದಳು. "ತಿಂಗಳ ಹಿಂದೆ ಆರು ಇದ್ದದ್ದು ಈಗ ತೊಂಬತ್ತೇಳು ಹೇಗಾಗುತ್ತೆ?" ಎಂದು ಅವರು ಕೇಳಿದ್ದು ಅವಳನ್ನಾದರೂ, ನನ್ನನ್ನೇ ಕೇಳಿದಂತಾಗಿ ನಾನು ಅರ್ಜೆಂಟಾಗಿ ತಲೆ ಓಡಿಸಿದೆ. ಓಡಿಸಿದ ತಲೆಗೆ ಹೊಳೆದದ್ದು ಇದು: ಈ ಒಂದು ತಿಂಗಳಲ್ಲಿ ಯಾರೋ ಇವಳದ್ದನ್ನು ಪೂರ್ತಿ ಕದ್ದು, ಇವಳಿಗಿಂತ ಮೊದಲೇ ಸಲ್ಲಿಸಿಬಿಟ್ಟಿದ್ದಾರೆ. ಹೇಳಿದೆ. ಮೇಡಂ ಒಪ್ಪಿದರು. ಆದರೆ ಒಪ್ಪಿದ್ದು ಅರ್ಧ. ಕದ್ದವನು ಯಾರೆಂದು ಗೊತ್ತಾಗುವವರೆಗೆ ಉಳಿದ ಯಾರದ್ದನ್ನೂ ತಪಾಸಣೆಗೆ ಹಾಕಬೇಡಿ ಎಂದರು. ಸೋಮವಾರ ಮಧ್ಯಾಹ್ನದೊಳಗೆ ಗೊತ್ತಾಗದಿದ್ದರೆ ತಾವು ಭಾಗ್ಯಳ ಪ್ರಬಂಧವನ್ನು ಸಮಿತಿಗೆ ಕಳಿಸಲೇಬೇಕು, ನಿಯಮ ಅಂದರೆ ನಿಯಮ ಎಂದರು. ಭಾಗ್ಯ ಅಳಲಿಲ್ಲ. "ನಮ್ಮತ್ತೆಗೆ ಏನಂತ ಹೇಳಲಿ ಸರ್?" ಎಂದು ಮಾತ್ರ ಕೇಳಿದಳು. ಅತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು ನನಗೆ.

ಆ ಗಳಿಗೆಯಿಂದ ನಾನು ಪತ್ತೇದಾರನಾದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಭಯದ ಜೊತೆಗೆ ಒಂದು ಹುರುಪೂ ಇತ್ತು. ಜೀವಮಾನವಿಡೀ ಕಳುವಾದ ಪುಸ್ತಕಗಳ ಮುಂದೆ ಕೈಚೆಲ್ಲಿ ಕುಳಿತವನಿಗೆ ಕಳ್ಳನನ್ನು ಹಿಡಿಯುವ ಅವಕಾಶ ಒದಗಿತ್ತು. ಬಸ್ಸಿನಲ್ಲಿ ಕುಳಿತವನು ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದೆ. ಜಾಗ ಕೊಟ್ಟವನು ಯಾಕೆ ಕೊಟ್ಟ? ಕೊಡದವನು ಯಾಕೆ ಕೊಡಲಿಲ್ಲ? ಧರ್ಮಪತ್ನಿಯ ಹುಡುಗ ನನ್ನನ್ನು ಕಂಡು ಕೆಮ್ಮಿದ. ಅವನ ಕೆಮ್ಮಿನಲ್ಲಿ ಏನೋ ಇದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಊರು ಮುಟ್ಟುವ ಹೊತ್ತಿಗೆ ಬಸ್ಸಿನಲ್ಲಿ ಕಳ್ಳನಲ್ಲದವನು ನಾನೊಬ್ಬನೇ ಎಂಬ ತೀರ್ಮಾನಕ್ಕೆ ಬಂದಿದ್ದೆ.

ಶನಿವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಭಾಗ್ಯ ಟೈಪು ಮಾಡಿಸಿದ್ದ ಡಿಟಿಪಿ ಅಂಗಡಿಗೆ ಹೋದೆ. ಅಂಗಡಿಯ ಮಾದೇಶ ಲಗ್ನಪತ್ರಿಕೆಯೊಂದಕ್ಕೆ ಗಣಪತಿಯನ್ನು ಕೂರಿಸುತ್ತಿದ್ದ. ನಾನು ಸುತ್ತಿ ಬಳಸಿ ಶುರುಮಾಡಿದೆ. ರಸಬಾಳೆ ಎಂದರೆ ನಿನಗೇನು ಗೊತ್ತಪ್ಪ, ಎಂದೆ. "ತಿಂದಿವ್ನಿ ಸಾ" ಎಂದ. ಅದರ ಬಗ್ಗೆ ಬರೆದದ್ದು ನಿನ್ನ ಕಂಪ್ಯೂಟರಿನಲ್ಲಿ ಇದೆಯಲ್ಲ, ಯಾರಾದರೂ ಕೇಳಿದರಾ, ಎಂದೆ. ಅವನಿಗೆ ವಾಸನೆ ಹೊಡೆಯಿತು. ಮೌಸು ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿದ. "ನೋಡಿ ಸಾ, ಈ ಅಂಗ್ಡಿ ಮಡ್ಗಿ ಇಷ್ಟ್ ವರ್ಸ ಆಯ್ತು. ಲಗ್ನ, ತಿಥಿ, ಕೋರ್ಟು, ಕಾಲೇಜು ಎಲ್ಲಾ ಟೈಪ್ ಮಾಡಿವ್ನಿ. ಒಂದ್ನೂ ಓದಿಲ್ಲ. ಓದೋಕ್ ಕುಂತ್ರೆ ಕೆಲ್ಸ ಸಾಗ್ತದಾ? ಕದಿಯೋನಾದ್ರೆ ಓದ್ನಾದ್ರೂ ಓದ್ಬೇಕಲ್ವಾ ಸಾ?" ಎಂದ. ಬರಿಗೈಯಲ್ಲಿ ಹೊರಡುವುದು ಸರಿಯಲ್ಲವೆಂದು ಬೇಡದಿದ್ದರೂ ಒಂದು ಝೆರಾಕ್ಸ್ ತೆಗೆಸಿಕೊಂಡು ಬಂದೆ.

ಉಳಿದಿದ್ದು ಒಂದೇ ದಾರಿ. ಹೆಸರಿಲ್ಲದ ಆ ಪ್ರಬಂಧವನ್ನು ನೋಡಬೇಕಾದರೆ, ಅದನ್ನು ಯಾವ ಅಧ್ಯಾಪಕರು ತಮ್ಮ ಖಾತೆಯಿಂದ ಹಾಕಿದ್ದಾರೋ ಅವರ ಅನುಮತಿ ಕೇಳಬಹುದು ಎಂದು ಸಾಫ್ಟ್‌ವೇರ್ ಹೇಳುತ್ತದೆ. ಕಾರಣ ಬರೆಯಲು ಒಂದು ಚೌಕವಿದೆ. ಬರೆದು ಕಳಿಸಿದರೆ ಅದು ಆ ಅಜ್ಞಾತ ಅಧ್ಯಾಪಕರಿಗೆ ತಲುಪುತ್ತದೆ. ನಾನು ಬರೆದೆ. ಮೊದಲು ವಿನಯವಾಗಿಯೇ ಶುರುಮಾಡಿದ್ದು. ಆದರೆ ಭಾಗ್ಯ ಕುರ್ಚಿಯ ಮೇಲೆ ಕುಸಿದದ್ದು ನೆನಪಾಯಿತು, ಮಾದೇಶನ ಹತ್ತಿರ ಆದ ಅವಮಾನವೂ ಸೇರಿಕೊಂಡಿತು. 'ನಿಮ್ಮ ಕಣ್ಗಾವಲಿನಲ್ಲಿ ಹೆಣ್ಣುಮಗಳೊಬ್ಬಳ ಶ್ರಮವನ್ನು ಹಾಡಹಗಲೇ ಲೂಟಿ ಮಾಡಲಾಗಿದೆ. ಅಧ್ಯಾಪಕ ಎಂದು ಕರೆಸಿಕೊಳ್ಳುವ ಯೋಗ್ಯತೆ ನಿಮಗಿದೆಯೇ ಎಂದು ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಿ. ಆತ್ಮಸಾಕ್ಷಿ ಎಂಬುದೇನಾದರೂ ಉಳಿದಿದ್ದರೆ ಕೂಡಲೇ ಉತ್ತರಿಸಿ' ಎಂದು ಮುಗಿಸಿ, ಹೆಸರು, ಹುದ್ದೆ ಹಾಕಿ ಕಳಿಸಿದೆ. ಓದಿ ನೋಡಿದಾಗ ನನಗೇ ರೋಮಾಂಚನವಾಯಿತು. ಅದರದೊಂದು ನಕಲನ್ನು ಯೂನಿವರ್ಸಿಟಿಯಲ್ಲಿ ಈ ಸಾಫ್ಟ್‌ವೇರ್ ನೋಡಿಕೊಳ್ಳುವ ಕಿರಣ್ ಎಂಬ ಹುಡುಗನಿಗೂ ರವಾನಿಸಿ, ಬೇಗ ಪತ್ತೆ ಮಾಡಪ್ಪ ಎಂದೆ.

ಭಾನುವಾರ ಉತ್ತರ ಬರಲಿಲ್ಲ. ಕಳ್ಳನಿಗೆ ಉತ್ತರ ಕೊಡಲು ಮುಖವೆಲ್ಲಿದೆ ಎಂದು ಹೆಂಡತಿಗೆ ಹೇಳಿದೆ. "ನೀವು ಊಟ ಮಾಡಿ ಮೊದಲು" ಎಂದಳು. ಊಟ ಸೇರಲಿಲ್ಲ. ಬಡಿಸಿದ ಸಾರಿನಲ್ಲಿ ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಹುರುಪು ಇಳಿದು ಬರೀ ಭಯ ಉಳಿದಿತ್ತು. ಆರು ಎಂದು ಹೇಳಿ ಅವಳನ್ನು ನಂಬಿಸಿದವನು ನಾನು. ಯಂತ್ರದ ಮಾತನ್ನು ತಲೆಯ ಮೇಲೆ ಹೊತ್ತು ತಂದವನೂ ನಾನೇ. ನಾಳೆ ಸಮಿತಿಯ ಮುಂದೆ ನಿಲ್ಲುವವಳು ಮಾತ್ರ ಅವಳು. ಪಿಯು ಕಾಲೇಜಿನವರು ಇನ್ನೊಬ್ಬರನ್ನು ನೋಡಿಕೊಳ್ಳುತ್ತಾರೆ. ಊರಿನಲ್ಲಿ 'ಕದ್ದು ಬರೆದವಳಂತೆ' ಎಂಬ ಮಾತು ಹುಟ್ಟಿದರೆ ಅದನ್ನು ಅಳಿಸುವ ಬಟನ್ನು ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಹೆಂಡತಿಗೆ ಇದನ್ನೆಲ್ಲ ಹೇಳಿದಾಗ, "ಅಲ್ಲ, ನಿಮ್ಮ ಕಾಲೇಜಲ್ಲಿ ಸರಿಯಾಗಿ ಹುಡುಕಿದ್ರಾ?" ಎಂದಳು. ನಮ್ಮ ಕಾಲೇಜಿನಲ್ಲಿ ಇಂಥ ಕೆಲಸ ಮಾಡುವವರು ಯಾರೂ ಇಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ.

ಸೋಮವಾರ ನಾನು ಹೋಗುವಷ್ಟರಲ್ಲಿ ಲೈಬ್ರರಿಯ ಬಾಗಿಲಲ್ಲಿ ಭಾಗ್ಯ ನಿಂತಿದ್ದಳು. ಪಕ್ಕದಲ್ಲಿ, ಸೆರಗನ್ನು ಸೊಂಟಕ್ಕೆ ಸಿಗಿಸಿ, ಜಗಳಕ್ಕೆ ಸಿದ್ಧವಾಗಿ ಒಬ್ಬ ಹೆಂಗಸು. ರತ್ನಮ್ಮಣ್ಣಿ ಎಂದು ಹೇಳಿಸಿಕೊಳ್ಳಬೇಕಾದ ಅಗತ್ಯವಿರಲಿಲ್ಲ. "ನೀವೇಯಾ ಸಾ ಕಂಪ್ಯೂಟ್ರು ನೋಡೋರು?" ಎಂದರು. ಹೌದು ಎಂದೆ. "ಅಲ್ಲ ಕಣ್ ಸಾ, ಬಿಸ್ಲಲ್ಲಿ ಇವ್ಳ್ ಜೊತೆ ಅಲೆದೋಳು ನಾನು. ನಾನ್ ಏಳ್ದೆ, ಇವ್ಳು ಬರ್ಕೊಂಡ್ಳು. ನನ್ ಬಾಯಲ್ ಬಂದ್ ಮಾತ ಅದ್ಯಾವನ್ ಸಾ ಕದ್ದೋನು? ನನ್ ಮುಂದ್ಕೆ ಬರ್ಲಿ ಅವ್ನು. ಒಂದ್ ಗಿಡ ನೆಟ್ಟವ್ನಾ ಅವ್ನು? ಒಂದ್ ಸೊರ್ಗಿದ್ ಬಾಳೆ ಕಿತ್ತ್ ಹಾಕವ್ನಾ?" ನಾನು, ಹುಡುಕುತ್ತಿದ್ದೇವಮ್ಮ, ಇವತ್ತು ಸಿಕ್ಕೇ ಸಿಗುತ್ತಾನೆ ಎಂದೆ. "ಸಿಗ್ಲಿ ಸಾ. ನಮ್ ಸೊಸೆ ಕದ್ದಳು ಅಂತ ಒಬ್ರು ಅಂದ್ರೂ ನಾನ್ ಸುಮ್ಕಿರಾಕಿಲ್ಲ. ಇವ್ಳ್ ಗಂಡ ಓದ್ ಸಾಕು ಅಂದಾಗ, ಓದ್ಲಿ ಬುಡ್ಲಾ ಅಂತ ಅವ್ನ್ ಮೇಲ್ ಓಗಿದ್ದು ನಾನೇಯ" ಎಂದು ಹೇಳಿ, ನಮ್ಮ ದಿನಪತ್ರಿಕೆಗಳ ಮೇಜಿನ ಮುಂದೆ ಕುರ್ಚಿ ಎಳೆದು ಕುಳಿತರು. ಕಳ್ಳನನ್ನು ಕಾಣದೆ ಏಳುವುದಿಲ್ಲ ಎಂಬುದು ಅವರು ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಹತ್ತಿರವಾಯಿತು. ಅನಸೂಯಾ ಮೇಡಂ ಸಮಿತಿಗೆ ಕಳಿಸುವ ಕವರು ಕೈಯಲ್ಲಿ ಹಿಡಿದುಕೊಂಡೇ ಬಂದರು. ಹೊರಗೆ ಉಳಿದ ಮಕ್ಕಳೆಲ್ಲ ತಮ್ಮದು ಯಾವಾಗ ಹಾಕುತ್ತಾರೋ ಎಂದು ಗುಂಪು ಕಟ್ಟಿದ್ದರು. ಆಗ ನನ್ನ ಫೋನು ಬಡಿದುಕೊಂಡಿತು. ಕಿರಣ್. "ಸರ್, ಆ ಸೋರ್ಸ್ ಸಿಕ್ತು" ಎಂದ. ತಾಳಪ್ಪ, ಎಂದೆ. ಇಂಥ ಮಾತು ಎಲ್ಲರೂ ಕೇಳಬೇಕು, ಕಳ್ಳನ ಹೆಸರು ಎಲ್ಲರ ಎದುರಿಗೇ ಬಯಲಾಗಬೇಕು ಎಂದು ಸ್ಪೀಕರಿಗೆ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟೆ. ಯಾರೂ ಹೇಳಿರಲಿಲ್ಲ, ನಾನಾಗಿಯೇ ಇಟ್ಟೆ. ಹೇಳಪ್ಪ, ಗಟ್ಟಿಯಾಗಿ ಹೇಳು, ಎಂದೆ.

"ಸರ್, ಆ ಪೇಪರ್ ಟ್ರೇನಿಂಗ್ ಅಕೌಂಟಿಂದ ಸಬ್‌ಮಿಟ್ ಆಗಿರೋದು. ಅಕೌಂಟ್ ಹೋಲ್ಡರ್ ನೀವೇ ಸರ್. ಟ್ರಯಲ್ ಹಾಕುವಾಗ ರೆಪಾಸಿಟರಿಗೆ ಸೇವ್ ಕೊಟ್ಟಿದ್ದೀರಿ. ನಿಮ್ಮ ರಿಕ್ವೆಸ್ಟ್ ನಿಮ್ಮ ಲೈಬ್ರರಿ ಮೇಲ್‌ಗೇ ಬಂದು ಪೆಂಡಿಂಗ್ ಇದೆ. ನೀವೇ ಕೇಳಿದ್ದೀರಿ, ನೀವೇ ಅಪ್ರೂವ್ ಮಾಡಬೇಕು. ಮಾಡ್ತೀರಾ ಸರ್?" ಎಂದ ಅವನು, ಸುಮ್ಮನಿರಲಾರದೆ ಸೇರಿಸಿದ: "ಲಾಂಗ್ವೇಜ್ ಸ್ವಲ್ಪ ಹಾರ್ಶ್ ಆಯ್ತು ಸರ್. ನಿಮಗೆ ನೀವೇ ಬರ್ಕೊಂಡಿರೋದಲ್ವಾ, ಅದು ನಿಮ್ಮಿಷ್ಟ."

ನನಗೆ ಎಲ್ಲ ನೆನಪಾಯಿತು. ಪ್ರತಿ ಪ್ರಬಂಧ ಹಾಕುವಾಗಲೂ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಈ ಪ್ರತಿಯನ್ನು ಭಂಡಾರದಲ್ಲಿ ಇಟ್ಟುಕೊಳ್ಳಲೇ, ಬೇಡವೇ? ಬೇಡ ಎಂದು ಒತ್ತಿ ಎಂದು ತರಬೇತಿಯ ದಿನ ಹೇಳಿದ್ದರೋ ಏನೋ. ಹೇಳಿದ್ದರೂ ನನ್ನ ಕೈ ಕೇಳುತ್ತಿರಲಿಲ್ಲ. ಕಾಗದದ ಮೇಲೆ ಅಕ್ಷರ ಕಂಡರೆ ಸೀಲು ಹೊಡೆದು, ನಂಬರು ಹಾಕಿ, ಬೀರುವಿನಲ್ಲಿ ಇಡುವುದೇ ಬದುಕಾದವನಿಗೆ ಯಂತ್ರವೊಂದು ಬಂದು 'ಇಟ್ಟುಕೊಳ್ಳಲೇ?' ಎಂದು ಕೇಳಿದರೆ ಬೇಡ ಎನ್ನಲು ಮನಸ್ಸು ಬರುತ್ತದೆಯೇ? ಎಲ್ಲ ಮಕ್ಕಳದ್ದನ್ನೂ ಒಂದೂ ಬಿಡದೆ, ಪ್ರೀತಿಯಿಂದ ಇಟ್ಟುಕೋ ಎಂದಿದ್ದೆ. ಅದು ಇಟ್ಟುಕೊಂಡಿತ್ತು. ಇನ್ನು ಆ ಲೈಬ್ರರಿಯ ಮೇಲ್, ಪುಸ್ತಕದಂಗಡಿಯವರ ಕ್ಯಾಟಲಾಗಿಗೆ ಹೆದರಿ ನಾನು ತೆರೆಯುವುದನ್ನೇ ಬಿಟ್ಟಿದ್ದು. ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಿ ಎಂದು ನಾನು ಬರೆದದ್ದು ಅಲ್ಲಿ ಶನಿವಾರದಿಂದ ನನಗಾಗಿ ಕಾಯುತ್ತಿತ್ತು.

ಮೇಡಂ ಬೈಯಲಿಲ್ಲ, ಅದು ಇನ್ನೂ ಭಯಂಕರವಾಗಿತ್ತು. "ಈಗ ಏನು ಮಾಡೋದು, ಅದನ್ನು ಹೇಳಿ" ಎಂದರು. ಕಿರಣ್ ದಾರಿ ಹೇಳಿದ: ವರದಿಯಲ್ಲಿ ಆ ಒಂದು ಮೂಲವನ್ನು ಲೆಕ್ಕದಿಂದ ಕೈಬಿಟ್ಟು, ಕಾರಣ ನಮೂದಿಸಿ, ಗೈಡಿನ ಸಹಿಯೊಂದಿಗೆ ಕಳಿಸಬಹುದು. ಉಳಿದ ಎಲ್ಲ ಮಕ್ಕಳ ವರದಿಯಲ್ಲೂ ಹೀಗೇ ಮಾಡಬೇಕು, ಐದರೊಳಗೆ. ಕುಳಿತೆ. ಕುಳಿತ ತಕ್ಷಣ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಕುಯ್ಯೋ ಎನ್ನತೊಡಗಿತು. ಕಿಟಕಿಯಲ್ಲಿ ಮಕ್ಕಳ ಮುಖಗಳು, ಬೆನ್ನ ಹಿಂದೆ ಮೇಡಂ, ಎದುರಿಗೆ ಗಲ್ಲಕ್ಕೆ ಕೈಯಿಟ್ಟು ರತ್ನಮ್ಮಣ್ಣಿ. ಭಾಗ್ಯಳ ವರದಿ ತೆರೆಯಲು ಆ ಇಂಟರ್ನೆಟ್ಟು ತೆಗೆದುಕೊಂಡ ಹೊತ್ತಿನಲ್ಲಿ ನಾನು ಮನೆದೇವರನ್ನು ಎಷ್ಟು ಸಲ ಕರೆದೆನೋ. ಕಡೆಗೆ ತೆರೆದುಕೊಂಡಿತು. ಆ ಮೂಲ ಬಿಡು ಎಂದು ಒತ್ತಿದೆ. ಕೆಂಪೆಲ್ಲ ಮಾಯವಾಗಿ ಪುಟಗಳು ಬೆಳ್ಳಗಾದವು. ನೆತ್ತಿಯ ಮೇಲೆ ಆರು. ಮೇಡಂ ನಿಂತಲ್ಲೇ ಸಹಿ ಮಾಡಿದರು. ಕೈಯಲ್ಲಿದ್ದ ಕವರನ್ನು ಮಡಿಸಿ ಬ್ಯಾಗಿಗೆ ತುರುಕಿ, ಭಾಗ್ಯಳ ಬೆನ್ನ ಮೇಲೆ ಒಂದು ಸಲ ಕೈಯಿಟ್ಟರು. ಅವಳು ಆಗ ಅತ್ತಳು.

ರತ್ನಮ್ಮಣ್ಣಿಗೆ ಕಿರಣನ ಇಂಗ್ಲಿಷು ಒಂದೂ ತಿಳಿದಿರಲಿಲ್ಲ. "ಏನಂತೆ? ಸಿಕ್ಕುದ್ನಾ ಕಳ್ಳ?" ಎಂದು ಎದ್ದು ನಿಂತರು. ನಾನು ಕೀಲಿಮಣೆಯನ್ನು ನೋಡುತ್ತಾ ಕುಳಿತೆ. ಈ ಹೆಂಗಸು ಅಲ್ಲೇ ನನಗೆ ಎರಡು ಬಿಟ್ಟರೂ ನಾನು ಅರ್ಹನೇ ಅನ್ನಿಸಿತು. ಭಾಗ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. "ಯಾರೂ ಕದ್ದಿಲ್ಲ ಅತ್ತೆ. ಸರ್ರೇ ಭದ್ರವಾಗಿರ್ಲಿ ಅಂತ ಎತ್ತಿಟ್ಟಿದ್ರು, ಎತ್ತಿಟ್ಟದ್ದನ್ನ ಮರೆತಿದ್ರು" ಎಂದಳು.

"ಅಷ್ಟೇಯಾ?" ಎಂದರು ರತ್ನಮ್ಮಣ್ಣಿ. ಸೊಂಟದ ಸೆರಗು ಸಡಿಲವಾಯಿತು. "ನಮ್ಮನೇರೂ ಇಂಗೇ ಕಣ್ ಸಾ. ಉಲ್ ಕುಯ್ಯೋ ಕುಡ್ಲ ತಾವೇ ಸೂರ್ಗೆ ಸಿಗ್ಸ್‌ಬುಟ್ಟು, ಕದ್ದವ್ರೆ ಕದ್ದವ್ರೆ ಅಂತ ಬೀದೀಲೆಲ್ಲ ಕೂಗಾಡ್ತಾರೆ. ವಯಸ್ಸಾಯ್ತಲ್ಲ, ಓಗ್ಲಿ ಬುಡಿ" ಎಂದು ನನ್ನನ್ನು ಕ್ಷಮಿಸಿ ಸೊಸೆಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ನನಗೆ ಅಂಥ ವಯಸ್ಸೇನೂ ಆಗಿಲ್ಲ. ಆದರೆ ಅದನ್ನು ವಾದಿಸುವ ಸಂದರ್ಭ ಅದಾಗಿರಲಿಲ್ಲ. ಉಳಿದ ಮಕ್ಕಳ ವರದಿಗಳಿಂದ ನನ್ನನ್ನು ನಾನೇ ಒಬ್ಬೊಬ್ಬರದ್ದಾಗಿ ಹೊರಗಿಡುತ್ತಾ ಕುಳಿತೆ. ಕಡೆಯದು ಹೋದಾಗ ಐದು ಹೊಡೆಯಲು ಸ್ವಲ್ಪವೇ ಉಳಿದಿತ್ತು.

ಮಾರನೆಯ ದಿನ ಪ್ರಿನ್ಸಿಪಾಲರು ಲಿಖಿತ ವಿವರಣೆ ಕೇಳಿದರು. ಅದು ಅನಸೂಯಾ ಮೇಡಂ ಮೂಲಕ ಹೋಗಬೇಕೆಂದೂ ಹೇಳಿದರು. 'ಅನಿವಾರ್ಯ ತಾಂತ್ರಿಕ ಕಾರಣಗಳಿಂದ ಉಂಟಾದ ಅಚಾತುರ್ಯಕ್ಕೆ ವಿಷಾದಿಸುತ್ತಾ' ಎಂದು ಒಂದು ಪುಟ ಬರೆದು ಒಯ್ದೆ. ಮೇಡಂ ಕೆಂಪು ಪೆನ್ನು ತೆಗೆದು ಉದ್ದಕ್ಕೂ ಗೆರೆ ಎಳೆದರು. "ಇದನ್ನೇ ಎಲ್ಲರೂ ಬರೀತಾರೆ ಸರ್. ನಡೆದದ್ದೇನು ಅಂತ ಸ್ವಂತ ಮಾತಲ್ಲಿ ಬರ್ಕೊಂಡು ಬನ್ನಿ" ಎಂದರು. ಲೈಬ್ರರಿಗೆ ಬಂದು ಕುಳಿತೆ. ಬರೆದು ಹರಿದೆ, ಹರಿದು ಬರೆದೆ. ಸ್ವಂತ ಮಾತು ಎಂಬುದು ಬೇಕೆಂದಾಗ ಬರುವ ಪ್ರಾಣಿಯಲ್ಲ ಎಂಬುದು ಆಗ ಗೊತ್ತಾಯಿತು. ನಮ್ಮ ಮಕ್ಕಳ ಕಷ್ಟ ಮೊದಲ ಸಲ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ವಾಕ್ಯ ಬರೆದು, ಸಹಿ ಹಾಕಿ ಒಯ್ದು ಕೊಟ್ಟೆ: 'ಮಕ್ಕಳ ಪ್ರಬಂಧಗಳನ್ನು ಭದ್ರವಾಗಿರಲಿ ಎಂದು ಎತ್ತಿಟ್ಟಿದ್ದೆ, ಎತ್ತಿಟ್ಟದ್ದನ್ನು ಮರೆತಿದ್ದೆ.'

ಮೇಡಂ ಓದಿದರು. ಇನ್ನೊಮ್ಮೆ ಓದಿದರು. "ಚೆನ್ನಾಗಿದೆ. ಇದು ನೋಡಿ, ಸ್ವಂತವಾಗಿ ಬರೆಯೋದು ಅಂದರೆ. ನಿಮ್ಮದೇ ತಾನೇ ಸರ್?" ಎಂದರು. ಅಂದು ಅವರು ಸಭ್ಯತೆಗೆ ಕೇಳಿದರೋ, ಹಿಂದಿನ ದಿನದ ಮಾತು ಪೂರ್ತಿ ನೆನಪಿಟ್ಟುಕೊಂಡು ಕೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಪಕ್ಕದ ಬೆಂಚಿನ ಮೇಲೆ ಸಹಿ ಹಾಕಿಸಲು ಬಂದಿದ್ದ ಭಾಗ್ಯ ಕುಳಿತಿದ್ದಳು. ತಲೆ ತಗ್ಗಿಸಿ ಛತ್ರಿಯ ಗುಂಡಿಯನ್ನು ಹಾಕಿ ಬಿಚ್ಚಿ ಮಾಡುತ್ತಿದ್ದಳು. ತಡೆದ ನಗುವಿಗೆ ಅವಳ ಭುಜ ಅಲುಗುತ್ತಿತ್ತು. ನಾನು, "ಹೌದು ಮೇಡಂ, ನನ್ನದೇ" ಎಂದೆ. ಒಂದು ವಾಕ್ಯದಷ್ಟು ಚಿಕ್ಕದನ್ನು ನಮ್ಮ ಸಾಫ್ಟ್‌ವೇರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು, ಕಾಲೇಜಿನ ಅಧಿಕೃತ ಸಂಯೋಜಕನಾಗಿ, ನಾನು ಖಚಿತವಾಗಿ ಬಲ್ಲೆ.